ಗೊಂಬೆಗೆ ಭಾರ ಬಂದ ಊರು

“ಮೇಡಂ, ಹುಡುಗಿ ಚೆನ್ನಾಗಿದ್ದಾಳೆ. ಬಿಂದಿಗೆಯಲ್ಲಿ ಮಾತ್ರ ನೀರಿಲ್ಲ.”

ಸಂಪಾದಕರು ಫೋನಿನಲ್ಲಿ ಹೇಳಿದ್ದು ಇಷ್ಟೇ. ಮಕ್ಕಳ ಪುಸ್ತಕವೊಂದಕ್ಕೆ ನಾನು ಬರೆದುಕೊಟ್ಟ ಚಿತ್ರದಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳು ಸೊಂಟದ ಮೇಲೆ ಹಿತ್ತಾಳೆ ಬಿಂದಿಗೆ ಇಟ್ಟುಕೊಂಡು ಕಲ್ಯಾಣಿಯ ಮೆಟ್ಟಿಲು ಹತ್ತುತ್ತಾಳೆ. ಬಿಂದಿಗೆಯ ಬಾಯಿ ಚಿತ್ರದಲ್ಲಿ ಕಾಣುವುದೇ ಇಲ್ಲ. ಆದರೂ ಒಳಗೆ ನೀರಿಲ್ಲ ಎಂದು ಅವರಿಗೆ ಗೊತ್ತಾಗಿತ್ತು. ಫೋನ್ ಇಟ್ಟು ಚಿತ್ರವನ್ನು ಮತ್ತೆ ನೋಡಿದೆ. ಅವರು ಹೇಳಿದ್ದು ನಿಜ. ಹುಡುಗಿ ನೆಟ್ಟಗೆ ನಿಂತಿದ್ದಳು; ಬಿಂದಿಗೆಯನ್ನು ಅವಳ ಪಕ್ಕಕ್ಕೆ ಅಂಟಿಸಿದ ಹಾಗಿತ್ತು.

ಆ ಭಂಗಿಯನ್ನು ನಾನು ಕಂಪ್ಯೂಟರಿನ ಗೊಂಬೆಯಿಂದ ತೆಗೆದುಕೊಂಡಿದ್ದೆ. ಚಿತ್ರಕಾರರ ಮೇಜಿನ ಮೇಲೆ ಕೀಲುಗಳಿರುವ ಮರದ ಗೊಂಬೆ ಇರುತ್ತದಲ್ಲ, ಅದೇ ಈಗ ಪರದೆಯ ಒಳಗೆ ಬಂದಿದೆ. 1995ರಲ್ಲಿ ಲ್ಯಾರಿ ವೈನ್‌ಬರ್ಗ್ ಎಂಬುವವರು ಆ ಮರದ ಗೊಂಬೆಯ ಜಾಗದಲ್ಲಿ ನಿಲ್ಲುವಂಥ ‘ಪೋಸರ್’ ಎಂಬ ತಂತ್ರಾಂಶ ಹೊರತಂದರು. ಈಗ ಹಣ ಕೊಡದೆಯೇ ಸಿಗುವ ‘ಮೇಕ್‌ಹ್ಯೂಮನ್’ ಇದೆ. ವಯಸ್ಸು, ಎತ್ತರ, ತೂಕ, ಸ್ನಾಯು ಎಂದು ಒಂದೊಂದಕ್ಕೂ ಒಂದು ಪಟ್ಟಿ; ಎಳೆದಂತೆಲ್ಲ ದೇಹ ಬದಲಾಗುತ್ತದೆ. ಹಾಗೆ ಹುಟ್ಟಿದ ದೇಹವನ್ನು ‘ಬ್ಲೆಂಡರ್’ ಒಳಗೆ ತಂದರೆ ಚರ್ಮದ ಕೆಳಗಿರುವ ಎಲುಬುಗಳನ್ನು ಹಿಡಿದು ಬೇಕಾದ ಹಾಗೆ ಬಾಗಿಸಬಹುದು. ನಾನೂ ಹಾಗೇ ಬಾಗಿಸಿದ್ದೆ. ಕೈ ಸರಿಯಿತ್ತು, ಕಾಲು ಸರಿಯಿತ್ತು, ಬಿಂದಿಗೆಯೂ ಸರಿಯಿತ್ತು. ನೀರು ಎಲ್ಲಿ ಹೋಯಿತು?

ಅಣ್ಣನ ಮಗಳು ಪುಟ್ಟಿ ಅನಿಮೇಷನ್ ಓದುತ್ತಿದ್ದಾಳೆ. ರಜೆಗೆಂದು ಮೈಸೂರಿನ ನಮ್ಮ ಮನೆಗೆ ಬಂದಿದ್ದಳು. ಪರದೆಯನ್ನು ಎರಡು ನಿಮಿಷ ನೋಡಿ, “ಅತ್ತೆ, ಬೇಲೂರಿಗೆ ಹೋಗೋಣ್ವಾ? ಸೊಂಟ ಬಾಗೋದು ಹೇಗೆ ಅಂತ ಅಲ್ಲಿನ ಕಲ್ಲಿನ ಮದನಿಕೆಯರಿಗಿಂತ ಚೆನ್ನಾಗಿ ಯಾರು ಹೇಳಿಕೊಡ್ತಾರೆ?” ಅಂದಳು. ಮಾರನೆಯ ದಿನವೇ ಲ್ಯಾಪ್‌ಟಾಪ್, ಅವಳ ಟ್ಯಾಬ್ಲೆಟ್, ಎರಡು ಸ್ಕೆಚ್ ಪುಸ್ತಕ ಚೀಲಕ್ಕೆ ಹಾಕಿಕೊಂಡು ಹಾಸನದ ಬಸ್ಸು ಹತ್ತಿದೆವು.

ಹಾಸನದಲ್ಲಿ ಬಸ್ಸು ಬದಲಿಸಿ ಬೇಲೂರು ಸೇರಿದಾಗ ಕತ್ತಲಾಗಿತ್ತು. ಲಾಡ್ಜಿನ ಕಿಟಕಿಯಿಂದ ಗೋಪುರ ಮಸುಕಾಗಿ ಕಾಣುತ್ತಿತ್ತು. ಶಾಲೆಯ ಪ್ರವಾಸದಲ್ಲಿ ಬಂದಾಗ ನೋಡಿದ್ದೆ. ಆಮೇಲೆ ಎರಡು ಸಲ ನೆಂಟರ ಜೊತೆ ಬಂದಿದ್ದೆ. ಆದರೆ ಒಂದು ಪ್ರಶ್ನೆ ಇಟ್ಟುಕೊಂಡು ಬಂದದ್ದು ಇದೇ ಮೊದಲು. ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

*

ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋದೆವು. ಫೆಬ್ರವರಿಯ ಚಳಿ. ಚಪ್ಪಲಿ ಬಿಟ್ಟು ಅಂಗಳಕ್ಕೆ ಕಾಲಿಟ್ಟರೆ ಕಲ್ಲು ತಣ್ಣಗೆ ಕೊರೆಯುತ್ತಿತ್ತು. ಇದೇ ಕಲ್ಲು ಮಧ್ಯಾಹ್ನ ಕಾದ ಕಾವಲಿಯಾಗುತ್ತದೆಂದು ತಿಳಿದವರು ಬೆಳಿಗ್ಗೆಯೇ ಬರುತ್ತಾರೆ. ಗೋಪುರ ದಾಟಿದ ಕೂಡಲೇ ಎದುರಿಗೆ ಚೆನ್ನಕೇಶವನ ಗುಡಿ. ನಕ್ಷತ್ರದಂತೆ ಮೂಲೆ ಮೂಲೆಯಾಗಿ ಹರಡಿಕೊಂಡ ಜಗತಿ, ಅದರ ಮೇಲೆ ಕಪ್ಪು ಮಿಂಚಿನ ಗೋಡೆ. ಹೊಯ್ಸಳ ದೊರೆ ವಿಷ್ಣುವರ್ಧನ 1117ರಲ್ಲಿ ಇದನ್ನು ಪ್ರತಿಷ್ಠೆ ಮಾಡಿಸಿದ. ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಬಿಸಿಲು ಇನ್ನೂ ಓರೆಯಾಗಿತ್ತು. ನಾವು ಜಗತಿಯ ಮೇಲೆ ನಿಂತು ಕತ್ತೆತ್ತಿದೆವು. ಸೂರಿನ ಕೆಳಗೆ, ಕಂಬದ ತಲೆಯಿಂದ ಚಾವಣಿಯ ಅಂಚಿಗೆ ಆತುಕೊಂಡಂತೆ, ಒಬ್ಬೊಬ್ಬಳಾಗಿ ಮದನಿಕೆಯರು. ಹೊರಗೆ 38, ಒಳಗೆ 4, ಒಟ್ಟು 42. ಒಬ್ಬಳು ಕನ್ನಡಿ ನೋಡುತ್ತಾಳೆ, ಒಬ್ಬಳು ಗಿಳಿಯ ಜೊತೆ ಮಾತಾಡುತ್ತಾಳೆ, ಒಬ್ಬಳು ಬೇಟೆಗೆ ಹೊರಟಿದ್ದಾಳೆ, ಒಬ್ಬಳ ಸೆರಗನ್ನು ಕೋತಿ ಎಳೆಯುತ್ತಿದೆ. ತಲೆಯ ಮೇಲೆ ಬಳ್ಳಿಯ ಚಪ್ಪರ, ಕಾಲ ಬಳಿ ಪುಟ್ಟ ಪುಟ್ಟ ಸೇವಕಿಯರು, ಮದ್ದಳೆಯವರು. ನನಗೆ ಮೈ ಜುಮ್ಮೆಂದಿತು. ಅಷ್ಟೂ ಜನ ಉಸಿರು ಹಿಡಿದು ನಮ್ಮನ್ನೇ ನೋಡುತ್ತಿರುವಂತಿತ್ತು.

ಹೌದು, ಅವರು ನಮ್ಮನ್ನೇ ನೋಡುತ್ತಾರೆ. ಇದು ಆ ಬೆಳಿಗ್ಗೆ ಕಣ್ಣಿಗೆ ಬಿದ್ದ ಮೊದಲ ಸಂಗತಿ. ಮದನಿಕೆಯರು ಗೋಡೆಗೆ ಒರಗಿ ನೆಟ್ಟಗೆ ನಿಂತಿಲ್ಲ. ತಲೆ ಮುಂದಕ್ಕೂ ಪಾದ ಹಿಂದಕ್ಕೂ ಇರುವಂತೆ ಓರೆಯಾಗಿ ಕೂರಿಸಿದ್ದಾರೆ. ಎತ್ತರದಲ್ಲಿರುವ ಆಕೃತಿಯನ್ನು ಕೆಳಗಿನಿಂದ ನೋಡಿದರೆ ಕಾಲು ದೊಡ್ಡದಾಗಿ, ತಲೆ ಸಣ್ಣದಾಗಿ ಕಾಣುತ್ತದೆ. ತಲೆ ನಮ್ಮ ಕಡೆಗೆ ಬಾಗಿದರೆ ಆ ದೋಷ ಕಡಿಮೆಯಾಗುತ್ತದೆ. ಮುಖ ಮುಖವಾಗಿಯೇ ಉಳಿಯುತ್ತದೆ. ನೋಡುವವರು ಎಲ್ಲಿ ನಿಲ್ಲುತ್ತಾರೆ ಎಂಬುದು ಇಲ್ಲಿ ಭಂಗಿಯ ಒಳಗೇ ಸೇರಿಹೋಗಿದೆ.

ನಾನು ಮೊಬೈಲಿನಲ್ಲಿ ಹತ್ತಿರದಿಂದ ಒಂದು ಫೋಟೊ ತೆಗೆದೆ. ಪುಟ್ಟಿ ಅದನ್ನು ನೋಡಿ ತಲೆಯಾಡಿಸಿದಳು. “ಅತ್ತೆ, ಇದನ್ನ ನಂಬಬೇಡಿ. ಮೊಬೈಲಿನ ಲೆನ್ಸು ಅಗಲ. ಹತ್ತಿರ ಇರೋದನ್ನ ಉಬ್ಬಿಸುತ್ತೆ. ಅಂಗಳಕ್ಕೆ ಇಳಿದು, ಹಿಂದೆ ಹೋಗಿ, ಜೂಮ್ ಮಾಡಿ ತೆಗೀರಿ.” ಇಳಿದು ಹಿಂದೆ ಹೋಗಿ ತೆಗೆದೆ. ಅದೇ ಮದನಿಕೆ ಬೇರೆಯವಳಾದಳು. ತೊಡೆ ತಗ್ಗಿತು, ಮುಖ ತುಂಬಿತು.

ಕಂಪ್ಯೂಟರಿನ ಗೊಂಬೆಯ ಕೆಲಸದಲ್ಲಿ ನಾವು ಮೊದಲು ಎಡವುವುದು ಇಲ್ಲೇ. ಫೋಟೊ ಪಕ್ಕಕ್ಕಿಟ್ಟುಕೊಂಡು ಗೊಂಬೆಯ ಕೈಕಾಲು ತಿರುಚಲು ಶುರು ಮಾಡುತ್ತೇವೆ. ಎಷ್ಟು ತಿರುಚಿದರೂ ಹೊಂದುವುದಿಲ್ಲ. ಬ್ಲೆಂಡರಿನ ಕ್ಯಾಮೆರಾ ಮೊದಲಿಗೆ 50 ಮಿಲಿಮೀಟರ್ ಲೆನ್ಸಿನದು. ಮೊಬೈಲಿನದು ಅದಕ್ಕಿಂತ ಬಹಳ ಅಗಲ. ಕಣ್ಣು ಬೇರೆ ಬೇರೆಯಾದ ಮೇಲೆ ದೇಹ ಹೊಂದುವುದಾದರೂ ಹೇಗೆ? ಮೊದಲು ನೆಲ ಹಾಸಬೇಕು, ಕ್ಯಾಮೆರಾವನ್ನು ನೋಡುವವರ ಎತ್ತರಕ್ಕೆ ಇಳಿಸಬೇಕು, ಲೆನ್ಸು ಹೊಂದಿಸಬೇಕು. ಗೊಂಬೆಯನ್ನು ಮುಟ್ಟುವುದು ಆಮೇಲೆ. ನನ್ನ ಬಿಂದಿಗೆ ಹುಡುಗಿಯನ್ನು ನಾನು ಎದೆಯ ಎತ್ತರದಿಂದ ನೋಡಿದ್ದೆ. ಕಥೆಯಲ್ಲಿ ಅವಳನ್ನು ನೋಡುವವನು ಮೆಟ್ಟಿಲ ಮೇಲೆ ಕೂತ ಅವಳ ಪುಟ್ಟ ತಮ್ಮ. ಅದೂ ಆಗಲೇ ಹೊಳೆದದ್ದು.

*

ಗೈಡ್ ಒಬ್ಬರು ಹತ್ತಿರ ಬಂದರು. ಅರವತ್ತು ದಾಟಿದವರು, ತಲೆಗೆ ಮಫ್ಲರ್. ಚಿತ್ರ ಬರೆಯುವವರು ಎಂದು ಹೇಳಿದ್ದೇ, ಅವರ ಮಾತಿನ ಧಾಟಿ ಬದಲಾಯಿತು. ನರ್ತಿಸುವ ಮದನಿಕೆಯೊಬ್ಬಳ ಕೆಳಗೆ ನೇರವಾಗಿ ಕರೆದುಕೊಂಡು ಹೋದರು.

“ನೋಡಿ ಮೇಡಂ, ಇವಳ ತಲೆ ಮೇಲಿಂದ ಒಂದು ಹನಿ ನೀರು ಬಿಟ್ರೆ, ಅದು ಮೂಗಿನ ತುದಿಗೆ ಬೀಳುತ್ತೆ. ಮೂಗಿನಿಂದ ಎದೆಗೆ, ಎದೆಯಿಂದ ಕೈ ಹೆಬ್ಬೆರಳಿಗೆ, ಅಲ್ಲಿಂದ ಪಾದಕ್ಕೆ. ಅಷ್ಟು ಲೆಕ್ಕದಲ್ಲಿ ಕಡೆದಿದ್ದಾರೆ.”

ಅವರು ಗಾಳಿಯಲ್ಲಿ ಬೆರಳಿನಿಂದ ಆ ಹನಿಯ ದಾರಿ ಬರೆದು ತೋರಿಸಿದರು. ಬೆರಳು ನೇರವಾಗಿ ಕೆಳಗಿಳಿಯಿತು. ಅದರ ಸುತ್ತ ದೇಹ ಮಾತ್ರ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಬಳುಕಿತ್ತು. ನಾನು ನಿಂತಲ್ಲೇ ನಿಂತೆ.

ಬಾಗಿದ್ದರಲ್ಲಿ ಬಾಗದ ಒಂದು ಗೆರೆ ಇದೆ. ಗಾರೆ ಕೆಲಸದವರು ಗೋಡೆ ನೇರವಿದೆಯೇ ಎಂದು ನೋಡಲು ದಾರಕ್ಕೆ ಕಟ್ಟಿ ಇಳಿಬಿಡುವ ತೂಗುಗುಂಡಿನ ಗೆರೆ ಅದು. ಶಿಲ್ಪಶಾಸ್ತ್ರದವರು ಇದನ್ನು ಬ್ರಹ್ಮಸೂತ್ರ ಎನ್ನುತ್ತಾರೆ. ಆಕೃತಿಯ ನಡುವೆ ಇಳಿಯುವ ಆ ದಾರದಿಂದ ತಲೆ ಎಷ್ಟು ಸರಿಯಿತು, ಎದೆ ಎಷ್ಟು ಸರಿಯಿತು, ಸೊಂಟ ಎಷ್ಟು ಸರಿಯಿತು ಎಂಬುದರಿಂದಲೇ ಭಂಗಿಗೆ ಹೆಸರು. ದಾರದ ಎರಡೂ ಕಡೆ ಸಮನಾಗಿ ನಿಂತರೆ ಸಮಭಂಗ. ತುಸುವೇ ಬಳುಕಿದರೆ ಆಭಂಗ. ಮೂರು ಕಡೆ ಬಾಗಿದರೆ ತ್ರಿಭಂಗ. ಅದೂ ಮೀರಿ ಕುಣಿತಕ್ಕೋ ಯುದ್ಧಕ್ಕೋ ತಿರುಗಿದರೆ ಅತಿಭಂಗ. ಅವನೀಂದ್ರನಾಥ ಠಾಕೂರರು 1914ರಲ್ಲಿ ಭಾರತೀಯ ಕಲೆಯ ಅಂಗರಚನೆಯ ಮೇಲೆ ಬರೆದ ಪುಟ್ಟ ಪುಸ್ತಕದಲ್ಲಿ ಈ ಭಂಗಗಳನ್ನು ಚಿತ್ರ ಬರೆದು ವಿವರಿಸಿದ್ದಾರೆ. ವಿದ್ಯಾರ್ಥಿಯಾಗಿದ್ದಾಗ ಅದನ್ನು ಓದಿದ್ದೆ, ಪರೀಕ್ಷೆಗೆ ಬರೆದಿದ್ದೆ. ಆದರೆ ಆ ಹನಿ ನನ್ನ ಕಣ್ಣೆದುರು ಬಿದ್ದದ್ದು ಅವತ್ತೇ.

ಪುಟ್ಟಿ ಆಗಲೇ ಜಗತಿಯ ಅಂಚಿನಲ್ಲಿ ಕೂತು ಟ್ಯಾಬ್ಲೆಟ್ ತೆರೆದಿದ್ದಳು. ಫೋಟೊ ಕೊಟ್ಟರೆ ಅದರಲ್ಲಿನ ಭಂಗಿಯನ್ನು ತಾನೇ ಊಹಿಸಿ ಗೊಂಬೆಗೆ ತೊಡಿಸುವ ಆ್ಯಪ್ ಒಂದು ಅವಳ ಬಳಿಯಿತ್ತು. ಮದನಿಕೆಯ ಫೋಟೊ ಕೊಟ್ಟಳು. ಗೊಂಬೆ ಕೈಯೆತ್ತಿತು, ಮಂಡಿ ಮಡಚಿತು. ದೂರದಿಂದ ನೋಡಿದರೆ ಸರಿಯೇ. ಪಕ್ಕದಿಂದ ತಿರುಗಿಸಿ ನೋಡಿದಾಗ ಅದು ಹಿಂದಕ್ಕೆ ವಾಲಿ ನಿಂತಿತ್ತು. ಮನುಷ್ಯರಾದರೆ ಆ ಕ್ಷಣವೇ ಬಿದ್ದಿರಬೇಕು. “ಬೀಳ್ತಾ ಇದೆ ಅತ್ತೆ,” ಎಂದು ಪುಟ್ಟಿ ಮೇಲೆ ನೋಡಿದಳು. “ಅವಳು ಒಂಬೈನೂರು ವರ್ಷದಿಂದ ಬಿದ್ದಿಲ್ಲ.”

ಆಗ ನನಗೆ ಸಂಪಾದಕರ ಮಾತು ಪೂರ್ತಿ ಅರ್ಥವಾಯಿತು. ಕಂಪ್ಯೂಟರಿನ ಗೊಂಬೆಗೆ ಎಲುಬಿದೆ, ಕೀಲಿದೆ, ಚರ್ಮವಿದೆ. ಭಾರವಿಲ್ಲ. ನೆಲ ಅದನ್ನು ಎಳೆಯುವುದಿಲ್ಲ. ಅಂತರದಲ್ಲಿ ತೇಲುತ್ತಾ ನಾವು ಹೇಳಿದ ಆಕಾರಕ್ಕೆ ಬರುತ್ತದೆ. ಅದಕ್ಕೆ ಭಾರ ತುಂಬಬೇಕಾದವರು ನಾವು. ಈ ತಂತ್ರಾಂಶಗಳಲ್ಲಿ ನೂರು ಗುಂಡಿಗಳಿರಲಿ, ಒಂದೊಂದನ್ನೂ ಒತ್ತುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈಗ ತೂಕ ಎಲ್ಲಿದೆ?

*

ಆಮೇಲೆ ನಾವು ಗುಡಿಯನ್ನು ಸುತ್ತಿದ್ದು ಆ ಪ್ರಶ್ನೆಯನ್ನು ಹಿಡಿದೇ. ದರ್ಪಣಸುಂದರಿಯ ಕೆಳಗೆ ಬಹಳ ಹೊತ್ತು ಕೂತೆವು. ಕನ್ನಡಿ ಅವಳ ಒಂದು ಕೈಯಲ್ಲಿ. ಎಲ್ಲರೂ ನೋಡುವುದು ಅದನ್ನೇ. ನಾವು ಕೈ ಬಿಟ್ಟು ಕೆಳಗಿನಿಂದ ಶುರು ಮಾಡಿದೆವು: ಭಾರ ಹೊತ್ತ ಕಾಲು ಯಾವುದು, ಸುಮ್ಮನೆ ಇರುವ ಕಾಲು ಯಾವುದು. ಭಾರ ಹೊತ್ತ ಕಾಲಿನ ಕಡೆ ಸೊಂಟ ಮೇಲೇಳುತ್ತದೆ. ಅದೇ ಕಡೆಯ ಹೆಗಲು ಕೆಳಗಿಳಿಯುತ್ತದೆ. ಸೊಂಟದ ಗೆರೆಯೂ ಹೆಗಲ ಗೆರೆಯೂ ಎದುರು ಬದುರಾಗಿ ಓರೆಯಾಗುತ್ತವೆ. ತಲೆ ಮತ್ತೆ ಬಾಗಿ ಆ ಲೆಕ್ಕವನ್ನು ಮುಗಿಸುತ್ತದೆ. ನಾವಿಬ್ಬರೂ ಹಾಗೇ ನಿಂತು ನೋಡಿದೆವು. ಒಂದು ಕಾಲಿನ ಮೇಲೆ ಭಾರ ಬಿಟ್ಟ ಕೂಡಲೇ ನಾವು ಹೇಳದೆಯೇ ಸೊಂಟ ತಾನಾಗಿ ಪಕ್ಕಕ್ಕೆ ಹೋಯಿತು, ಹೆಗಲು ತಾನಾಗಿ ಇಳಿಯಿತು.

ಕನ್ನಡಿಯೂ ಒಂದು ಪಾಠ ಹೇಳಿತು. ನಾನು ಬಣ್ಣ ಹಾಕುವುದು ‘ಕ್ರಿತಾ’ದಲ್ಲಿ. ಅದರಲ್ಲಿ ‘ಎಂ’ ಕೀಲಿ ಒತ್ತಿದರೆ ಇಡೀ ಚಿತ್ರ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗುತ್ತದೆ. ಗಂಟೆಗಟ್ಟಲೆ ನೋಡಿ ಕಣ್ಣಿಗೆ ಒಗ್ಗಿಹೋದ ತಪ್ಪು, ತಿರುಗಿಸಿದ ಮರುಕ್ಷಣ ಎದ್ದು ಕಾಣುತ್ತದೆ: ಒಂದು ಕಣ್ಣು ಮೇಲೆ, ಒಂದು ಹೆಗಲು ಅಗಲ, ದೇಹ ವಾಲಿದೆ. ಚಿತ್ರಕಾರರು ಹಿಂದಿನಿಂದಲೂ ತಮ್ಮ ಚಿತ್ರವನ್ನು ಕನ್ನಡಿಯಲ್ಲಿ ನೋಡಿ ಪರೀಕ್ಷಿಸುತ್ತಿದ್ದರು. ಆ ಕನ್ನಡಿ ಈಗ ಒಂದು ಕೀಲಿಯೊಳಗಿದೆ.

ಕ್ರಿತಾ ಎಂಬ ಹೆಸರಿಗೆ ಸ್ವೀಡಿಷ್ ಭಾಷೆಯಲ್ಲಿ ಸೀಮೆಸುಣ್ಣ, ಬಳಪ ಎಂಬ ಅರ್ಥವಿದೆ. ನಮ್ಮೆದುರಿಗಿದ್ದ ಗುಡಿಯೂ ಬಳಪದ ಕಲ್ಲಿನದೇ. ಸ್ಲೇಟಿನ ಮೇಲೆ ಅ ಆ ಇ ಈ ತಿದ್ದಿದ ಬಳಪದ ಜಾತಿಯ ಕಲ್ಲು. ಗಣಿಯಿಂದ ತೆಗೆದಾಗ ಮೆದು, ಉಳಿಗೆ ಒಲಿಯುತ್ತದೆ. ಗಾಳಿಗೆ ಬಿದ್ದು ಬರುಬರುತ್ತಾ ಗಟ್ಟಿಯಾಗುತ್ತದೆ. ಅದಕ್ಕೇ ಬಳ್ಳಿಯ ಎಲೆಯ ನರವೂ, ಬೆರಳಿನ ಉಗುರೂ ಇಷ್ಟು ನಯವಾಗಿ ಬಂದಿವೆ. ಬಳಪದಿಂದ ಬರೆದು ಬೆಳೆದ ನಾನು ಬಳಪದ ಹೆಸರಿನ ತಂತ್ರಾಂಶ ಹಿಡಿದು ಬಳಪದ ಕಲ್ಲಿನ ಮುಂದೆ ಕೂತಿದ್ದೆ. ಕಣ್ಣು ಹನಿಗೂಡಿತು.

ಗೈಡ್ ಯಜಮಾನರು ಮದನಿಕೆಯ ಪೀಠದ ಮೇಲಿನ ಸಾಲು ಅಕ್ಷರ ತೋರಿಸಿದರು. ಕಡೆದವರು ತಮ್ಮ ಹೆಸರು ಕೆತ್ತಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಬಳ್ಳಿಗಾವೆ ಈಗಿನ ಶಿಕಾರಿಪುರ ತಾಲ್ಲೂಕಿನ ಊರು. ಅಪ್ಪ ಮಗ ಅಷ್ಟು ದೂರದಿಂದ ಬಂದು ಒಂದೇ ಸೂರಿನ ಕೆಳಗೆ ಉಳಿ ಹಿಡಿದಿದ್ದರು. ಮಗನ ಕೆಲಸವನ್ನು ಅಪ್ಪ ಕೆಳಗೆ ನಿಂತು ನೋಡಿರುತ್ತಾನೆ. ಸೊಂಟ ಇನ್ನೊಂದು ನೂಲು ಆ ಕಡೆ ಎಂದಿರುತ್ತಾನೆ ಎಂದುಕೊಂಡೆ. ಕಲ್ಲಿನಲ್ಲಿ ಹಿಂದಕ್ಕೆ ಹೋಗುವ ಗುಂಡಿಯಿಲ್ಲ. ನಮ್ಮಲ್ಲಿದೆ. ನಾವು ಎಷ್ಟು ಸಲ ಬೇಕಾದರೂ ಸೊಂಟವನ್ನು ಸರಿಸಿ ನೋಡಬಹುದು. ಆ ಭಾಗ್ಯವನ್ನು ಪೂರ್ತಿ ಬಳಸಬೇಕು ಎಂದು ಅಲ್ಲೇ ನಿಶ್ಚಯಿಸಿದೆ.

ಗೋಡೆಯ ಬುಡದಲ್ಲಿ ಆನೆಗಳ ಸಾಲು. ಒಂದರಂತೆ ಇನ್ನೊಂದಿಲ್ಲ ಎಂದರು ಯಜಮಾನರು. ಒಂದು ಸೊಂಡಿಲು ಸುರುಳಿ ಸುತ್ತಿದೆ, ಒಂದು ಮುಂದಿನದರ ಬಾಲ ಹಿಡಿದಿದೆ, ಒಂದು ತಿರುಗಿ ನೋಡುತ್ತಿದೆ. ತಂತ್ರಾಂಶಗಳಲ್ಲಿ ನಿಂತ ಭಂಗಿ, ಕೂತ ಭಂಗಿ, ಓಡುವ ಭಂಗಿ ಎಂದು ಸಿದ್ಧ ಭಂಗಿಗಳ ಭಂಡಾರವೇ ಇರುತ್ತದೆ. ಅದನ್ನು ಹಾಗೇ ಎತ್ತಿಕೊಂಡರೆ ನಮ್ಮ ಸಂತೆಯ ಚಿತ್ರದಲ್ಲಿ ಹತ್ತು ಜನವೂ ಒಬ್ಬನೇ ಆಗುತ್ತಾರೆ. ಸಿದ್ಧ ಭಂಗಿಯಿಂದ ಶುರು ಮಾಡಿದರೂ ಒಬ್ಬೊಬ್ಬರ ಭಾರವನ್ನು ಬೇರೆ ಬೇರೆ ಕಾಲಿಗೆ ಹಾಕಬೇಕು, ಒಬ್ಬೊಬ್ಬರ ತಲೆಯನ್ನು ಬೇರೆ ಬೇರೆ ಕಡೆ ತಿರುಗಿಸಬೇಕು. ಆನೆಗಳು ಅಷ್ಟನ್ನು ಹೇಳಿಕೊಟ್ಟವು.

*

ಮಧ್ಯಾಹ್ನ ಅಂಗಳದ ಕಲ್ಲು ಕಾದಿತ್ತು. ಒಳಗೆ ನವರಂಗಕ್ಕೆ ಹೋದೆವು. ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಕಡೆಚಲಿಗೆ ಹಿಡಿದಂತೆ ಉರುಟಾದ ಕಂಬಗಳು ಹೊಳೆಯುತ್ತಿದ್ದವು. ಮೇಲೆ ಭುವನೇಶ್ವರಿ ಎನ್ನುವ ನಡುಚಾವಣಿಯ ಸುತ್ತ ಒಳಗಿನ ನಾಲ್ವರು ಮದನಿಕೆಯರು. ಅವರಲ್ಲಿ ಒಬ್ಬಳ ಕೈಬಳೆ ಅಲುಗಾಡಿಸಿದರೆ ಜರುಗುತ್ತದಂತೆ: ಕೈಯೂ ಬಳೆಯೂ ಒಂದೇ ಕಲ್ಲು, ಆದರೂ ಬಳೆ ಬಿಡಿ. ಯಾರೋ ಟಾರ್ಚ್ ಹಾಯಿಸಿದರು. ಬೆಳಕು ಪಕ್ಕದಿಂದ ಬಿದ್ದಾಗ ಮುಖದಲ್ಲಿ ನಗು ಬಂತು. ಎದುರಿನಿಂದ ಬಿದ್ದಾಗ ಅದೇ ಮುಖ ಚಪ್ಪಟೆಯಾಯಿತು. ಪುಟ್ಟಿ ನನ್ನ ಕೈ ಒತ್ತಿದಳು. ಗೊಂಬೆಯ ಭಂಗಿ ಎಷ್ಟು ಚೆನ್ನಾಗಿದ್ದರೂ ದೀಪ ಎದುರಿಗಿಟ್ಟರೆ ಕಾಣುವುದಿಲ್ಲ. ದೀಪವನ್ನು ಪಕ್ಕಕ್ಕೂ ತುಸು ಮೇಲಕ್ಕೂ ಸರಿಸಿದರೆ ಪ್ರತಿ ತಿರುವೂ ನೆರಳು ಚೆಲ್ಲಿ ತನ್ನ ಇರವನ್ನು ಹೇಳುತ್ತದೆ.

ರಾತ್ರಿ ಲಾಡ್ಜಿನಲ್ಲಿ, ಅಕ್ಕಿರೊಟ್ಟಿ ತಿಂದು, ಲ್ಯಾಪ್‌ಟಾಪ್ ತೆರೆದೆವು. ಹಳೆಯ ಬಿಂದಿಗೆ ಹುಡುಗಿಯನ್ನು ಪೂರ್ತಿ ನೇರ ಮಾಡಿ ಮೊದಲಿನಿಂದ ಶುರು ಮಾಡಿದೆವು. ಪುಟ್ಟಿ ಮೊದಲು ಗೊಂಬೆಯ ನಡುವೆ ತಲೆಯಿಂದ ನೆಲದವರೆಗೆ ಒಂದು ತೆಳುವಾದ ಕಡ್ಡಿ ನಿಲ್ಲಿಸಿದಳು. ಅದೇ ನಮ್ಮ ಬ್ರಹ್ಮಸೂತ್ರ.

ಆಮೇಲೆ ದೇಹದ ಅಳತೆ. ಚಿತ್ರಕಲೆಯ ಪಠ್ಯಗಳ ಆದರ್ಶ ದೇಹ ಎಂಟು ತಲೆಯಷ್ಟು ಎತ್ತರ. ನಮ್ಮ ಶಿಲ್ಪದ ಲೆಕ್ಕ ತಾಲದಲ್ಲಿ: ಮುಖದ ಉದ್ದ ಒಂದು ತಾಲ, ಅದು 12 ಅಂಗುಲ, ನವತಾಲದ ಮೂರ್ತಿ 108 ಅಂಗುಲ. ಇಲ್ಲಿ ಅಂಗುಲವೆಂದರೆ ಅಂಗಡಿಯ ಇಂಚು ಅಲ್ಲ, ಆ ಮೂರ್ತಿಯದೇ ಒಂದು ಪಾಲು. ಮುಖ ದೊಡ್ಡದಾದರೆ ಎಲ್ಲವೂ ಅದರ ಜೊತೆ ದೊಡ್ಡದಾಗುತ್ತದೆ. ಮಕ್ಕಳಿಗೆ ಬೇರೆ ತಾಲ. ಮೈಗೆ ಹೋಲಿಸಿದರೆ ಅವರ ತಲೆ ದೊಡ್ಡದು. ನನ್ನ ಹುಡುಗಿ ದೊಡ್ಡವರ ದೇಹವನ್ನು ಕುಗ್ಗಿಸಿದಂತಿದ್ದಳು. ವಯಸ್ಸಿನ ಪಟ್ಟಿ ಎಳೆದು ಹತ್ತಕ್ಕೆ ತಂದೆವು. ತಲೆ ದೊಡ್ಡದಾಯಿತು, ಕಾಲು ಗಿಡ್ಡವಾಯಿತು, ಮಗು ಮಗುವಾಯಿತು.

ಪಾದಗಳನ್ನು ಮೆಟ್ಟಿಲ ಮೇಲೆ ನೆಟ್ಟೆವು. ಗೊಂಬೆಯನ್ನು ಆಡಿಸಲು ಎರಡು ದಾರಿಗಳಿವೆ. ಹೆಗಲು, ಮೊಣಕೈ, ಮಣಿಕಟ್ಟು ಎಂದು ಬುಡದಿಂದ ತುದಿಗೆ ಒಂದೊಂದೇ ಕೀಲು ತಿರುಗಿಸುವುದು ಒಂದು. ತುದಿಯನ್ನು ಹಿಡಿದೆಳೆದು ಉಳಿದ ಕೀಲುಗಳು ತಾವೇ ಹಿಂಬಾಲಿಸುವಂತೆ ಬಿಡುವುದು ಇನ್ನೊಂದು. ಸೂತ್ರದ ಗೊಂಬೆಯಾಟದಲ್ಲಿ ದಾರ ಎಳೆದರೆ ಕೈ ಬರುವ ಹಾಗೆ. ನೆಲಕ್ಕೆ ಊರಿದ ಪಾದಕ್ಕೆ, ಬಿಂದಿಗೆ ತಬ್ಬಿದ ಕೈಗೆ ಎರಡನೆಯದೇ ಸರಿ: ಪಾದ ನೆಟ್ಟರೆ, ಸೊಂಟವನ್ನು ಎತ್ತ ಸರಿಸಿದರೂ ಅದು ಜಾರುವುದಿಲ್ಲ, ಮಂಡಿ ತಾನೇ ಮಡಚಿಕೊಳ್ಳುತ್ತದೆ. ಗಾಳಿಯಲ್ಲಿ ಬೀಸುವ ಕೈಗೆ ಮೊದಲನೆಯದು; ಆಗ ಬೀಸು ಕಮಾನಿನಂತೆ ದುಂಡಗೆ ಬರುತ್ತದೆ.

ಪಾದ ಆದ ಮೇಲೆ ಸೊಂಟ. ಹಿಂದೆ ನಾನು ಕೈಯಿಂದ ಶುರು ಮಾಡುತ್ತಿದ್ದೆ. ಈಗ ಸೊಂಟದ ಎಲುಬನ್ನು ಹಿಡಿದು ಭಾರದ ಕಾಲಿನ ಮೇಲೆ ಸರಿಸಿದೆ, ಆ ಕಡೆ ಮೇಲೆತ್ತಿದೆ. ಅಷ್ಟಕ್ಕೇ ಗೊಂಬೆಯ ಅರ್ಧ ಭಂಗಿ ಬಂತು.

ನಂತರ ಬೆನ್ನು. ಕತ್ತಿನಲ್ಲಿ 7, ಎದೆಯ ಹಿಂದೆ 12, ಸೊಂಟದ ಮೇಲೆ 5 ಬೆನ್ನೆಲುಬಿನ ಮಣಿಗಳು. ಕೆಳಗಿನ ಐದು ಹಿಂದೆ ಮುಂದೆ ಬಾಗುತ್ತವೆ, ಆದರೆ ಬಹಳ ಕಡಿಮೆ ತಿರುಗುತ್ತವೆ. ನಾವು ಸೊಂಟ ತಿರುಗಿಸಿದೆವು ಎಂದುಕೊಳ್ಳುವ ತಿರುವಿನ ಬಹುಪಾಲು ಎದೆಯ ಭಾಗದ್ದು. ಗೊಂಬೆಯ ಒಂದೇ ಎಲುಬನ್ನು ಹಿಡಿದು ತಿರುಚಿದರೆ ಅದು ಒದ್ದೆ ಬಟ್ಟೆ ಹಿಂಡಿದಂತೆ ಮುದುಡುತ್ತದೆ. ಪ್ರತಿಯೊಂದಕ್ಕೂ ಸ್ವಲ್ಪ ಸ್ವಲ್ಪ ಹಂಚಿದರೆ ಬಳ್ಳಿಯಂತೆ ಬಳುಕುತ್ತದೆ. ಬೆಳಿಗ್ಗೆ ನೋಡಿದ ನರ್ತಿಸುವ ಮದನಿಕೆಯ ಬೆನ್ನು ಹಾಗಿತ್ತು.

ಕೈ ಎತ್ತುವುದರಲ್ಲಿ ಇನ್ನೊಂದು ಗುಟ್ಟಿದೆ. ನಿಮ್ಮ ಬಲಗೈಯನ್ನು ಪಕ್ಕದಿಂದ ನಿಧಾನವಾಗಿ ತಲೆಯ ಮೇಲಕ್ಕೆ ಎತ್ತಿ, ಎಡಗೈಯಿಂದ ಬಲ ಹೆಗಲ ಹಲಗೆಯನ್ನು ಮುಟ್ಟಿ ನೋಡಿ. ಅದು ಜರುಗುತ್ತದೆ. ಕೈ 180 ಡಿಗ್ರಿ ಮೇಲೇರಿದರೆ ಅದರಲ್ಲಿ ಸುಮಾರು 120 ಹೆಗಲ ಕೀಲಿನದು, ಉಳಿದ 60 ಹೆಗಲ ಹಲಗೆಯದು. ತೋಳಿನ ಎಲುಬನ್ನಷ್ಟೇ ತಿರುಗಿಸಿದರೆ ಗೊಂಬೆಯ ಹೆಗಲು ಮುರಿದಂತೆ ಕಾಣುವುದು ಅದಕ್ಕೇ. ಕೊರಳೆಲುಬನ್ನೂ ಜೊತೆಗೆ ಎತ್ತಬೇಕು. ಮಾಡಿ ನೋಡಿದೆವು, ಗೊಂಬೆ ಉಸಿರೆಳೆದಂತಾಯಿತು.

ತಲೆ ಆಮೇಲೆ. ಬೆರಳು ಎಲ್ಲಕ್ಕಿಂತ ಕೊನೆಗೆ.

ಈಗ ಬಿಂದಿಗೆಯ ಲೆಕ್ಕ. ನಿಂತ ದೇಹದ ಭಾರವೆಲ್ಲ ಒಂದು ಬಿಂದುವಿನಲ್ಲಿದೆ ಎಂದುಕೊಂಡರೆ ಅದು ಹೊಕ್ಕಳಿಗಿಂತ ತುಸು ಕೆಳಗೆ, ಹೊಟ್ಟೆಯ ಒಳಗೆ ಇರುತ್ತದೆ. ಹುಡುಗಿ 30 ಕಿಲೊ ಎಂದಿಟ್ಟುಕೊಳ್ಳೋಣ. ಪುಟ್ಟ ಬಿಂದಿಗೆ, ನೀರು ಸೇರಿ 8 ಕಿಲೊ. ದೇಹದ ನಡುಗೆರೆಯಿಂದ 25 ಸೆಂಟಿಮೀಟರ್ ಪಕ್ಕಕ್ಕೆ. ಎರಡೂ ಸೇರಿದಾಗ ಬಿಂದು ಬಿಂದಿಗೆಯ ಕಡೆಗೆ ಸುಮಾರು 5 ಸೆಂಟಿಮೀಟರ್ ಸರಿಯುತ್ತದೆ. ಆ ಐದು ಸೆಂಟಿಮೀಟರನ್ನು ದೇಹ ಹೇಗಾದರೂ ಮಾಡಿ ವಾಪಸು ತರಬೇಕು, ಇಲ್ಲವೇ ಬೀಳಬೇಕು. ಎದೆ ಎದುರು ಕಡೆಗೆ ವಾಲುತ್ತದೆ, ಖಾಲಿ ಕೈ ಆಚೆಗೆ ಚಾಚುತ್ತದೆ. ನನ್ನ ಚಿತ್ರದಲ್ಲಿ ಇಲ್ಲದಿದ್ದ ನೀರು ಆ ಐದು ಸೆಂಟಿಮೀಟರ್.

ರಾತ್ರಿ ಒಂದು ಗಂಟೆಗೆ ಭಂಗಿ ಬಂತು. ಲೆಕ್ಕ ಸರಿಯಿತ್ತು. ಆದರೂ ಮನಸ್ಸಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ.

*

ಮಾರನೆಯ ಬೆಳಿಗ್ಗೆ ಬಸ್ಸಿಗೆ ಹೊತ್ತಿತ್ತು. ಗುಡಿಯ ಹಿಂದಿನ ಬೀದಿಗಳಲ್ಲಿ ಸುಮ್ಮನೆ ನಡೆದೆವು. ಒಂದು ತಿರುವಿನಲ್ಲಿ ಬೀದಿ ನಲ್ಲಿ. ಸುತ್ತ ಬಣ್ಣ ಬಣ್ಣದ ಪ್ಲಾಸ್ಟಿಕ್ ಬಿಂದಿಗೆಗಳು. ನೈಟಿಯ ಮೇಲೆ ಟವೆಲ್ ಹೊದ್ದ ಒಬ್ಬ ಹೆಂಗಸು ತುಂಬಿದ ಬಿಂದಿಗೆಯನ್ನು ಎತ್ತುವುದರಲ್ಲಿದ್ದರು.

ನಾನು ನೋಡಿದ್ದನ್ನು ನೋಡಿದಂತೆ ಬರೆಯುತ್ತೇನೆ. ಮೊದಲು ಅವರು ಬಿಂದಿಗೆಯನ್ನು ಮುಟ್ಟಲಿಲ್ಲ. ಪಾದ ಸರಿಸಿಕೊಂಡರು, ಬಿಂದಿಗೆಯ ಪಕ್ಕಕ್ಕೆ. ಮಂಡಿ ಮಡಚಿದರು. ಒಂದು ಕೈ ಕಂಠಕ್ಕೆ, ಒಂದು ಕೈ ತಳಕ್ಕೆ. ಬಿಂದಿಗೆ ಮೊದಲು ತೊಡೆಯ ಮೇಲೆ ಬಂತು, ಅಲ್ಲಿ ಒಂದು ಕ್ಷಣ ನಿಂತಿತು. ಅಷ್ಟರಲ್ಲಿ ಸೊಂಟ ಹೊರಗೆ ಬಂದು ಕಾಯುತ್ತಿತ್ತು. ಸಣ್ಣದೊಂದು ಕುಲುಕು, ಬಿಂದಿಗೆ ಸೊಂಟದಲ್ಲಿ ಕೂತಿತು. ಮರುಕ್ಷಣ ತೋಳು ಕಂಠವನ್ನು ಬಳಸಿತು, ಇನ್ನೊಂದು ಕೈ ಆಚೆಗೆ ಚಾಚಿ ಬೆರಳುಗಳು ಅರಳಿದವು. ತ್ರಿಭಂಗ. ನನ್ನ ಕಣ್ಣೆದುರು, ನಲ್ಲಿಯ ಕೆಸರಿನಲ್ಲಿ.

“ಅಕ್ಕ, ನೀವು ಬಿಂದಿಗೆ ಎತ್ತೋದನ್ನ ಚಿತ್ರ ಬರ್ಕೊಳ್ಳಲಾ?” ಎಂದೆ.

“ಬರ್ಕಳಿ. ನೀರು ಹೊರೋದ್ರಲ್ಲಿ ಬರೆಯೋಕೆ ಏನೈತೆ?” ಎಂದು ನಕ್ಕರು. ನಾನು ಗೆರೆ ಎಳೆಯುವುದನ್ನು ನೋಡುತ್ತಾ ನಿಂತವರು, ಸ್ವಲ್ಪ ಹೊತ್ತಿನ ಮೇಲೆ, “ಒಂದ್ಸಲ ನೀವೇ ಹೊತ್ಕಂಡು ನೋಡಿ. ಆಗ ಗೊತ್ತಾಯ್ತದೆ,” ಎಂದರು.

ಹೊತ್ತುಕೊಂಡೆ. ತಣ್ಣನೆ ಬಿಂದಿಗೆ ಸೊಂಟದ ಎಲುಬಿನ ಅಂಚಿಗೆ ತಾಗಿತು. ಎಲುಬು ಅಷ್ಟು ಚೂಪು ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಎದೆ ತಾನಾಗಿ ಆಚೆಗೆ ವಾಲಿತು, ಖಾಲಿ ಕೈ ತಾನಾಗಿ ಎದ್ದಿತು. ಹೆಜ್ಜೆ ಚಿಕ್ಕದಾಯಿತು. ಉಸಿರು ಎದೆಯಲ್ಲೇ ನಿಂತಿತು, ಹೊಟ್ಟೆಗೆ ಇಳಿಯಲಿಲ್ಲ. ಹತ್ತು ಹೆಜ್ಜೆಯಲ್ಲಿ ಮೂರು ಸಲ ನೀರು ಚೆಲ್ಲಿ ಸೆರಗು ತೋಯಿತು. ಅವರು ಬಿಂದಿಗೆಯನ್ನು ವಾಪಸು ಈಸಿಕೊಂಡು ನಡೆದುಹೋದರು. ನಾನು ಹಿಂದಿನಿಂದ ನೋಡಿದೆ. ಸೊಂಟ ಹೆಜ್ಜೆಹೆಜ್ಜೆಗೂ ಏರಿಳಿಯುತ್ತಿತ್ತು, ಮಂಡಿ ಮಡಚಿ ಬಿಚ್ಚುತ್ತಿತ್ತು. ಮೇಲೆ ಬಿಂದಿಗೆಯ ಬಾಯಿ ಮಾತ್ರ ತೇಲಿದಂತೆ ಒಂದೇ ಮಟ್ಟದಲ್ಲಿ ಸಾಗುತ್ತಿತ್ತು. ತುಂಬಿದ ಕೊಡ ತುಳುಕುವುದಿಲ್ಲ ಎಂದು ಚಿಕ್ಕಂದಿನಿಂದ ಕೇಳಿದ್ದೆ. ತುಳುಕದ ಹಾಗೆ ನೋಡಿಕೊಳ್ಳುವುದು ಹೊತ್ತವಳ ಸೊಂಟ, ಮಂಡಿ, ಪಾದ ಎಂಬುದನ್ನು ಆ ಬೀದಿಯಲ್ಲಿ ಕಂಡೆ.

ಬಸ್ಸಿನಲ್ಲಿ ಲ್ಯಾಪ್‌ಟಾಪನ್ನು ತೊಡೆಯ ಮೇಲೆ ತೆರೆದೆ. ರಾತ್ರಿಯ ಗೊಂಬೆಗೆ ಮೂರೇ ಬದಲಾವಣೆ ಮಾಡಿದೆ. ಹೆಜ್ಜೆಯನ್ನು ಚಿಕ್ಕದು ಮಾಡಿದೆ. ಎದೆಗೂಡನ್ನು ತುಸು ಮೇಲೆತ್ತಿದೆ, ಹಿಡಿದ ಉಸಿರಿಗಾಗಿ. ಖಾಲಿ ಕೈಯ ಬೆರಳುಗಳನ್ನು ಅರಳಿಸಿದೆ. ಇವು ಯಾವ ಪಟ್ಟಿಯಲ್ಲೂ ಇರಲಿಲ್ಲ. ನನ್ನ ಸೊಂಟದ ಎಲುಬಿನಲ್ಲಿ ಇನ್ನೂ ಉಳಿದಿದ್ದ ನೋವು ಹೇಳಿಕೊಟ್ಟಿತು. ಕ್ಯಾಮೆರಾವನ್ನು ಮೆಟ್ಟಿಲ ಮೇಲೆ ಕೂತ ಪುಟ್ಟ ತಮ್ಮನ ಕಣ್ಣಿನ ಎತ್ತರಕ್ಕೆ ಇಳಿಸಿದೆ.

ಪುಟ್ಟಿ ಕಿಟಕಿಯ ಕಡೆಯಿಂದ ತಿರುಗಿ ನೋಡಿದಳು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಬೆರಳು ಚಾಚಿ, ಪರದೆಯ ಮೇಲಿನ ಬಿಂದಿಗೆಯ ತಳಕ್ಕೆ ಅಂಗೈ ಒಡ್ಡಿದಳು, ಹಿಡಿದುಕೊಳ್ಳುವವಳ ಹಾಗೆ.

“ಭಾರ ಇದೆ ಅತ್ತೆ,” ಅಂದಳು.